ಕಲಿಕಾ ಸಿದ್ಧಾಂತ ಮತ್ತು ಪಾಠದ ವಿನ್ಯಾಸ: ಪದೇ ಪದೇ ಕೇಳುವ ಪ್ರಶ್ನೆಗಳು

ಬಿ.ಎಡ್. ಓದ್ತಾ ಇರೋರು, ಟಿಇಟಿಗೆ (ಶಿಕ್ಷಕರ ಅರ್ಹತಾ ಪರೀಕ್ಷೆಗೆ) ತಯಾರಿ ಮಾಡ್ಕೊಳ್ತಿರೋರು, ಶಾಲೆಗೆ ವರ್ಕ್‌ಶೀಟ್ ಬರೆಯೋರು, ಕಂಪನಿಗಳಲ್ಲಿ ಟ್ರೈನಿಂಗ್ ಮಾಡ್ಯೂಲ್ ಮಾಡೋರು, ಇವರೆಲ್ಲ ನನ್ನನ್ನ ಕೇಳೋ ಪ್ರಶ್ನೆಗಳು ಹೆಚ್ಚುಕಮ್ಮಿ ಒಂದೇ ಥರ ಇರ್ತವೆ, ಅದಕ್ಕೆ ಎಲ್ಲಾನೂ ಒಂದು ಕಡೆ ಹಾಕಿದ್ದೀನಿ. ಮೊದಲ ಎರಡು ಓದ್ಕೊಂಡು ಆಮೇಲೆ ನಿಮಗೆ ಬೇಕಾದ್ದಕ್ಕೆ ಹೋಗಿ.

ಈ ಥಿಯರಿಗಳೆಲ್ಲ ಪರೀಕ್ಷೆಗೆ ಬಿಟ್ರೆ ಬೇರೆ ಯಾವುದಕ್ಕಾದ್ರೂ ಉಪಯೋಗ ಇದ್ಯಾ?

ಇದೆ. ನಾವೆಲ್ಲ ಅಕ್ಷರ ಕಲಿತಿದ್ದು ಅ ಆ ಇ ಈ ಇಂದ ಅಲ್ವಾ. ಸರ್ಕಾರಿ ಶಾಲೆಯ ನಲಿ ಕಲಿ ತರಗತಿಗೆ ಹೋಗಿ ನೋಡಿ, ಅಲ್ಲಿ ಮಗು ಮೊದಲು ಕಲಿಯೋದು ರ ಗ ಸ ದ ಅ, ಆಮೇಲೆ ಜ ವ ಮ ಬ ನ. ಎಷ್ಟೋ ಜನ ಅಪ್ಪ ಅಮ್ಮ ಇದನ್ನ ನೋಡಿ ಗಾಬರಿ ಆಗ್ತಾರೆ, ನಮ್ಮ ಮಗೂಗೆ ವರ್ಣಮಾಲೆನೇ ಸರಿಯಾಗಿ ಹೇಳ್ಕೊಟ್ಟಿಲ್ಲ ಅಂತ. ಆದ್ರೆ ಸ್ವಲ್ಪ ಕೂತು ಯೋಚನೆ ಮಾಡಿ. ಅ ಆ ಇ ಈ ಉ ಊ ಅಂತ ಆರು ಅಕ್ಷರ ಕಲಿತ ಮಗು ಯಾವ ಪದ ಓದಬಹುದು? ಆ, ಈ ಅನ್ನೋ ಎರಡು ಬಿಟ್ರೆ ಹೆಚ್ಚುಕಮ್ಮಿ ಏನೂ ಇಲ್ಲ, ಯಾಕಂದ್ರೆ ನಮ್ಮ ಭಾಷೇಲಿ ಸ್ವರಾಕ್ಷರ ಪದದ ಶುರುವಲ್ಲಿ ಮಾತ್ರ ಬರುತ್ತೆ. ಅದೇ ರ ಗ ಸ ದ ಅ ಐದು ಬಂದ್ರೆ ಸರ, ದರ, ಅರಸ, ಅಗಸ, ಗರಗಸ, ದಸರ ಇಷ್ಟನ್ನೂ ಓದಬಹುದು. ಐದೇ ಅಕ್ಷರಕ್ಕೆ ಮಗು ಓದೋ ಮನುಷ್ಯ ಆಗಿಬಿಡುತ್ತೆ! ವ ಬರೆದ ಕೈಗೆ ಮ ಬರೆಯೋದು ಕಷ್ಟ ಅಲ್ಲ, ಅದನ್ನೂ ಆ ಕ್ರಮ ಬಳಸಿಕೊಳ್ಳುತ್ತೆ.

ಈ ಒಂದು ತೀರ್ಮಾನದ ಹಿಂದೆ ಮೂರು ಥಿಯರಿ ಕೂತಿವೆ. ಗೆದ್ದ ಖುಷಿ ತಕ್ಷಣ ಸಿಕ್ರೆ ಮಗು ಇನ್ನೊಂದು ಸಲ ಪ್ರಯತ್ನ ಪಡುತ್ತೆ ಅನ್ನೋದು ವರ್ತನಾವಾದ. ತಲೆಗೆ ಒಂದೇ ಸಲ 49 ಅಕ್ಷರದ ಭಾರ ಹಾಕಬಾರದು ಅನ್ನೋದು ಸಂಜ್ಞಾನವಾದ. ಮನೇಲಿ ಆಡೋ ಮಾತಿಗೆ ಅಕ್ಷರವನ್ನ ಜೋಡಿಸಬೇಕು ಅನ್ನೋದು ರಚನಾವಾದ. ಪಾಠ ಯೋಜನೆ ಪುಸ್ತಕದಲ್ಲಿ ಯಾವ ವಾದದ ಹೆಸರು ಬರೆದ್ರಿ ಅನ್ನೋದು ನನಗೆ ಮುಖ್ಯ ಅಲ್ಲ, ನಾಳೆ ಎರಡನೇ ಪೀರಿಯಡ್‌ನಲ್ಲಿ ಮಗು ಏನು ಮಾಡುತ್ತೆ ಅನ್ನೋದು ಅದರಿಂದ ಬದಲಾಯ್ತಾ ಅಷ್ಟೇ ನೋಡ್ತೀನಿ.

ನಲಿ ಕಲಿ ಯಾವ ಥಿಯರಿ ಮೇಲೆ ನಿಂತಿದೆ? ಅಸೈನ್‌ಮೆಂಟ್‌ಗೆ ಒಂದೇ ಉತ್ತರ ಬೇಕು.

ಒಂದೇ ಉತ್ತರ ಇಲ್ಲ, ಬರೆದ್ರೆ ತಪ್ಪಾಗುತ್ತೆ. 1995ರಲ್ಲಿ ಮೈಸೂರು ಜಿಲ್ಲೆ ಹೆಗ್ಗಡದೇವನಕೋಟೆ ತಾಲೂಕಲ್ಲಿ ಯುನಿಸೆಫ್ ನೆರವಿನಲ್ಲಿ ಇದು ಶುರುವಾಯ್ತು. ಆಂಧ್ರದ ಮದನಪಲ್ಲಿ ಹತ್ತಿರ ಇರೋ ರಿಷಿ ವ್ಯಾಲಿಯ ಹಳ್ಳಿ ಶಾಲೆಗಳನ್ನ ನಮ್ಮ ಮೇಷ್ಟ್ರುಗಳು ಹೋಗಿ ನೋಡ್ಕೊಂಡು ಬಂದು, ಕಾರ್ಡು ಹಾಡು ಆಟ ಎಲ್ಲಾ ತಾವೇ ಕೂತು ಕನ್ನಡಕ್ಕೆ ತಕ್ಕಂತೆ ಮಾಡಿದ್ರು. 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಹಬ್ಬಿತು. ಅವರು ಥಿಯರಿಯಿಂದ ಶುರು ಮಾಡಲಿಲ್ಲ, ಬೇರೆ ಬೇರೆ ವಯಸ್ಸಿನ ಮಕ್ಕಳು ಒಂದೇ ಕೋಣೇಲಿ, ಒಬ್ಬರೇ ಟೀಚರ್, ವಾರಗಟ್ಟಲೆ ಶಾಲೆ ತಪ್ಪಿಸೋ ಮಕ್ಕಳು ಅನ್ನೋ ಸಮಸ್ಯೆಯಿಂದ ಶುರು ಮಾಡಿದ್ರು, ನನಗೆ ಈ ವಿಷಯದಲ್ಲಿ ಅವರ ಮೇಲೆ ತುಂಬಾ ಗೌರವ ಇದೆ.

ಬಿಡಿಸಿ ನೋಡಿದ್ರೆ ಹೀಗೆ ಕಾಣುತ್ತೆ. ಕಲಿಕಾ ಏಣಿ, ಅದರಲ್ಲಿ ಮೈಲಿಗಲ್ಲು, ಪ್ರತಿ ಮೈಲಿಗಲ್ಲಿಗೂ ಸಣ್ಣ ಸಣ್ಣ ಹೆಜ್ಜೆ, ಮಗು ತನ್ನ ವೇಗದಲ್ಲೇ ಹತ್ತೋದು, ಇದರಲ್ಲಿ ವರ್ತನಾವಾದಿ ಸ್ಕಿನ್ನರ್ ಕಾಣ್ತಾರೆ. ಇದನ್ನ ಕಲಿತ ಮೇಲೇನೇ ಮುಂದಿನದು ಅನ್ನೋದು ಬ್ಲೂಮ್ ಅವರ ಪ್ರಭುತ್ವ ಕಲಿಕೆ. ಟೀಚರ್ ಪೂರ್ತಿ ಜೊತೆಗಿರೋ ಗುಂಪು, ಅರ್ಧ ಜೊತೆಗಿರೋ ಗುಂಪು, ಗೆಳೆಯರ ನೆರವಿನ ಗುಂಪು, ಕೊನೆಗೆ ಸ್ವಕಲಿಕೆ ಗುಂಪು ಅಂತ ತಟ್ಟೆಗಳು (ಮಕ್ಕಳು ಕೂರೋ ಗುಂಪುಗಳು) ಇದಾವಲ್ಲ, ಅದು ನೆರವಿನಿಂದ ಕಲಿಕೆ ಬೆಳೆಯುತ್ತೆ ಅಂದ ವೈಗೋಟ್‌ಸ್ಕಿನ ನೆಲಕ್ಕೆ ಇಳಿಸಿದ ಹಾಗೆ. ಗೋಡೆ ಕೆಳಗೆ ಮಗುವಿನ ಎತ್ತರಕ್ಕೇ ಕಪ್ಪು ಹಲಗೆ, ತಲೆ ಮೇಲೆ ಚಪ್ಪರದಲ್ಲಿ ಮಕ್ಕಳೇ ಮಾಡಿದ ಚಿತ್ರ. ಒಂದು ವಾರ ಜ್ವರ ಬಂದು ಮಲಗಿದ್ದ ಮಗು ವಾಪಸ್ ಬಂದ್ರೆ ತಾನು ಬಿಟ್ಟ ಮೆಟ್ಟಿಲಿಂದಲೇ ಮುಂದುವರಿಯಬಹುದು, ಇಡೀ ವಿನ್ಯಾಸದಲ್ಲಿ ನನಗೆ ಅತಿ ಇಷ್ಟವಾದದ್ದು ಇದೇ.

ತೊಂದರೆ ಎಲ್ಲಿ ಬರುತ್ತೆ ಅಂದ್ರೆ, ಮಕ್ಕಳು ಜಾಸ್ತಿ ಇರೋ ಕಡೆ ಟೀಚರ್‌ಗೆ ಕಾರ್ಡ್ ಹುಡುಕಿ ಕೊಡೋದು, ಪ್ರಗತಿ ನೋಟ ಅನ್ನೋ ದಾಖಲೆ ಪಟ್ಟಿ ತುಂಬೋದೇ ಕೆಲಸ ಆಗಿಬಿಡುತ್ತೆ, ಆಗ ನೆರವು ಬೇಕಿರೋ ಮಗುವಿನ ಪಕ್ಕ ಕೂರೋಕೆ ಟೈಮ್ ಸಿಗಲ್ಲ. ಏಣಿ ಇದ್ದಷ್ಟೇ ಮುಖ್ಯ ಏಣಿ ಹಿಡ್ಕೊಳ್ಳೋರು ಇರೋದು.

ವರ್ತನಾವಾದ ಹಳೇದಾಯ್ತಲ್ವಾ, ಈಗ ಯಾಕೆ ಓದಬೇಕು?

ಪಾವ್ಲೋವ್ ಪ್ರಯೋಗದ ನಾಯಿ ಗಂಟೆ ಜೊಲ್ಲು, ಥಾರ್ನ್‌ಡೈಕ್ ಪ್ರಯೋಗದ ಪೆಟ್ಟಿಗೆಯೊಳಗಿನ ಬೆಕ್ಕು ಅಂತ ಮಾತ್ರ ನೆನಪಿಟ್ಕೊಂಡ್ರೆ ಹಳೇದು ಅನ್ಸುತ್ತೆ. ಸ್ಕಿನ್ನರ್ 1953ರಲ್ಲಿ ತಮ್ಮ ಮಗಳ ಗಣಿತದ ಕ್ಲಾಸಿಗೆ ಹೋಗಿ ಹಿಂದೆ ಕೂತು ನೋಡಿದ್ರು. ಅವರ ಕಣ್ಣಿಗೆ ಬಿದ್ದಿದ್ದು ಎರಡು ವಿಷಯ: ಎಲ್ಲಾ ಮಕ್ಕಳೂ ಒಂದೇ ವೇಗದಲ್ಲಿ ಹೋಗಬೇಕು, ಮತ್ತೆ ಮಾಡಿದ ಲೆಕ್ಕ ಸರಿನಾ ತಪ್ಪಾ ಅಂತ ಮಗೂಗೆ ಆಗಲೇ ಗೊತ್ತಾಗಲ್ಲ. ಮುಂದೆ ಅವರು ಬೋಧನಾ ಯಂತ್ರ ಮಾಡಿದ್ದು ಇದರಿಂದಲೇ. ಇವತ್ತು ನಮ್ಮ ಶಾಲೆಗಳಲ್ಲಿ ಸೋಮವಾರ ಮಾಡಿದ ಹೋಂವರ್ಕ್ ನೋಟ್‌ಬುಕ್ ಗುರುವಾರ ವಾಪಸ್ ಬರುತ್ತೆ, ಮಗು ಪುಟ ತಿರುಗಿಸಿ ರೈಟ್ ಗುರುತು ಎಣಿಸಿ ಬ್ಯಾಗಿಗೆ ಹಾಕೊಳ್ಳುತ್ತೆ, ತಪ್ಪು ಹಾಗೇ ಉಳಿಯುತ್ತೆ. ಅದಕ್ಕೆ ನಾನು ಹೇಳೋದು, ಹತ್ತು ಲೆಕ್ಕ ಕೊಡೋ ಬದಲು ನಾಲ್ಕು ಕೊಟ್ಟು ಪ್ರತಿಯೊಂದಾದ ಮೇಲೂ ಉತ್ತರ ಅಲ್ಲಲ್ಲೇ ತಾಳೆ ನೋಡ್ಸಿ.

ಮಗ್ಗಿ ಬಾಯಿಪಾಠ ಮಾಡ್ಸೋದು ಸರಿನಾ ಅಂತ ಇದರ ಜೊತೆಗೇ ಕೇಳ್ತಾರೆ. ಸರಿ, ಗುಣಾಕಾರ ಅಂದ್ರೇನು ಅಂತ ಮಣಿ ಕಡ್ಡಿ ಜೋಡಿಸಿ ಅರ್ಥ ಆದ ಮೇಲೆ. ಏಳೆಂಟ್ಲ ಐವತ್ತಾರು ಅಂತ ಬಾಯಿಗೆ ತಾನಾಗೇ ಬಂದ್ರೆ ಭಾಗಾಕಾರ ಮಾಡುವಾಗ ಯೋಚನೆಗೆ ತಲೇಲಿ ಜಾಗ ಖಾಲಿ ಇರುತ್ತೆ.

ಪಾಠ ಆದಾಗ ಮಕ್ಕಳು ಅರ್ಥ ಆಯ್ತು ಅಂತಾರೆ, ವಾರ ಬಿಟ್ಟು ಕೇಳಿದ್ರೆ ಏನೂ ನೆನಪಿರಲ್ಲ. ಏನು ಮಾಡೋದು?

ಎಲ್ಲಕ್ಕಿಂತ ಜಾಸ್ತಿ ಬರೋ ಪ್ರಶ್ನೆ ಇದು, ಅದಕ್ಕೆ ಸ್ವಲ್ಪ ಉದ್ದಕ್ಕೆ ಹೇಳ್ತೀನಿ. ಮಕ್ಕಳು ಸುಳ್ಳು ಹೇಳ್ತಿಲ್ಲ. ಆ ಹೊತ್ತಿಗೆ ನಿಜವಾಗ್ಲೂ ಅರ್ಥ ಆಗಿರುತ್ತೆ. ಎಬ್ಬಿಂಗ್‌ಹಾಸ್ ಅಂತ ಜರ್ಮನಿಯವರು ಅರ್ಥವಿಲ್ಲದ ಉಚ್ಚಾರಗಳನ್ನ ತಾವೇ ಬಾಯಿಪಾಠ ಮಾಡಿ, ಎಷ್ಟು ಹೊತ್ತಿಗೆ ಎಷ್ಟು ಮರೀತೀನಿ ಅಂತ ಅಳೆದು 1885ರಲ್ಲಿ ಪ್ರಕಟಿಸಿದ್ರು. ನೆನಪು ಶುರುವಲ್ಲೇ ಜೋರಾಗಿ ಇಳಿಯುತ್ತೆ, ಆಮೇಲೆ ಇಳಿಯೋದು ನಿಧಾನ ಆಗುತ್ತೆ. ಹಾಗಾಗಿ ಪಾಠ ಆದ ಮಾರನೇ ದಿನ ಐದು ನಿಮಿಷ ಕೊಡೋದು ಪರೀಕ್ಷೆ ಹಿಂದಿನ ದಿನ ಎರಡು ಗಂಟೆ ಕೊಡೋದಕ್ಕಿಂತ ಲೇಸು.

ಆದ್ರೆ ಆ ಐದು ನಿಮಿಷ ಮತ್ತೆ ಓದಿಸಬೇಡಿ, ಪುಸ್ತಕ ಮುಚ್ಚಿಸಿ ಕೇಳಿ. 2006ರಲ್ಲಿ ರೋಡಿಗರ್ ಮತ್ತು ಕಾರ್ಪಿಕಿ ಕಾಲೇಜು ವಿದ್ಯಾರ್ಥಿಗಳಿಗೆ ಒಂದು ಬರಹ ಕೊಟ್ಟು, ಕೆಲವರಿಗೆ ಎರಡು ಸಲ ಓದಿ ಅಂದ್ರು, ಕೆಲವರಿಗೆ ಒಂದು ಸಲ ಓದಿ ಆಮೇಲೆ ನೋಡದೆ ನೆನಪಿದ್ದದ್ದು ಬರೀರಿ ಅಂದ್ರು. ಐದು ನಿಮಿಷ ಬಿಟ್ಟು ಕೇಳಿದಾಗ ಎರಡು ಸಲ ಓದಿದವರೇ ಮುಂದೆ, ಅವರಿಗೆ 81 ಶೇಕಡಾ, ನೆನಪಿಸಿಕೊಂಡು ಬರೆದವರಿಗೆ 75. ಒಂದು ವಾರ ಬಿಟ್ಟು ಕೇಳಿದಾಗ ಲೆಕ್ಕ ತಿರುಗಿತ್ತು, ಓದಿದವರಿಗೆ 42, ನೆನಪಿಸಿಕೊಂಡು ಬರೆದವರಿಗೆ 56. ಅಂದ್ರೆ ನೆನಪಿಗೆ ತಂದುಕೊಳ್ಳೋ ಒದ್ದಾಟ ಇದ್ಯಲ್ಲ, ಅದೇ ಕಲಿಕೆ. ಎಫ್‌ಎ ಎಸ್‌ಎ ಅಂತ ಅಂಕ ಕೊಡೋ ಟೆಸ್ಟ್ ಅಲ್ಲ ನಾನು ಹೇಳ್ತಿರೋದು, ಅಂಕ ಇಲ್ಲದ, ಭಯ ಇಲ್ಲದ ಮೂರು ಪ್ರಶ್ನೆ ಸಾಕು, ಒಂದು ನಿನ್ನೆಯದು, ಒಂದು ಹೋದ ವಾರದ್ದು, ಒಂದು ಹೋದ ತಿಂಗಳದ್ದು.

ಇನ್ನೊಂದು, ಲೆಕ್ಕಗಳನ್ನ ಕಲಸಿ ಕೊಡಿ. ನಮ್ಮ ಅಭ್ಯಾಸ ಪುಟಗಳಲ್ಲಿ ಒಂದೇ ಥರದ ಹತ್ತು ಲೆಕ್ಕ ಸಾಲಾಗಿ ಇರುತ್ತೆ, ಮಗು ಎರಡನೇ ಲೆಕ್ಕದ ಮೇಲೆ ಯಾವ ಸೂತ್ರ ಅಂತ ಯೋಚನೆ ಮಾಡೋದೇ ಬಿಡುತ್ತೆ. ರೋರರ್ ಮತ್ತು ಟೇಲರ್ 2007ರಲ್ಲಿ ಘನಫಲದ ಲೆಕ್ಕಗಳನ್ನ ಹೀಗೆ ಪರೀಕ್ಷಿಸಿದ್ರು. ಅಭ್ಯಾಸದ ಹೊತ್ತಲ್ಲಿ ಸಾಲಾಗಿ ಮಾಡಿದವರು 89 ಶೇಕಡಾ ಸರಿ, ಕಲಸಿ ಮಾಡಿದವರು 60. ವಾರದ ಮೇಲಿನ ಪರೀಕ್ಷೇಲಿ ಸಾಲಾಗಿ ಮಾಡಿದವರು 20ಕ್ಕೆ ಇಳಿದ್ರು, ಕಲಸಿ ಮಾಡಿದವರು 63ರಲ್ಲೇ ನಿಂತ್ರು. ಅಭ್ಯಾಸದಲ್ಲಿ ತೊಡರಿದ ಹಾಗೆ ಕಂಡವರೇ ಗಟ್ಟಿ ಕಲಿತಿದ್ರು. ಹಾಗಾಗಿ ಪಾಠದ ದಿನದ ಸಲೀಸನ್ನ ನೋಡಿ ಆ ಪಾಠ ಚೆನ್ನಾಗಿತ್ತು ಅಂತ ತೀರ್ಮಾನ ಮಾಡಬೇಡಿ, ಮೇಲಧಿಕಾರಿಗಳು ತಪಾಸಣೆಗೆ ಬಂದಾಗಲೂ ಇದನ್ನೇ ವಿನಯವಾಗಿ ಹೇಳಿ.

ಕಾಗ್ನಿಟಿವ್ ಲೋಡ್ ಅಂದ್ರೆ ಸುಲಭವಾಗಿ ಹೇಳಿ.

ಎರಡನೇ ಕ್ಲಾಸಿನ ಮಗು ರಾ... ಷ್ಟ್ರ... ಪ... ತಿ ಅಂತ ಒತ್ತಕ್ಷರ ಬಿಡಿಸಿ ಬಿಡಿಸಿ ಓದುತ್ತೆ, ವಾಕ್ಯದ ಕೊನೆಗೆ ಬರೋ ಹೊತ್ತಿಗೆ ಶುರುವಲ್ಲಿ ಏನಿತ್ತು ಅನ್ನೋದೇ ಮರೆತು ಹೋಗಿರುತ್ತೆ. ಅದೇ ಕಾಗ್ನಿಟಿವ್ ಲೋಡ್. ಒಂದು ಹೊತ್ತಿಗೆ ತಲೇಲಿ ಹಿಡಿದು ಆಡಿಸೋ ಜಾಗ ತುಂಬಾ ಚಿಕ್ಕದು. 1956ರಲ್ಲಿ ಮಿಲ್ಲರ್ ಏಳು, ಎರಡು ಹೆಚ್ಚುಕಮ್ಮಿ ಅಂದ್ರು, 2001ರಲ್ಲಿ ಕೋವನ್ ಅಷ್ಟೂ ಇಲ್ಲ ಸುಮಾರು ನಾಲ್ಕೇ ಅಂದ್ರು. ಜಾನ್ ಸ್ವೆಲ್ಲರ್ 1988ರಲ್ಲಿ ಇದನ್ನ ಪಾಠಕ್ಕೆ ತಂದ್ರು, ಮುಂದೆ ಎರಡು ಥರದ ಕಷ್ಟ ಬೇರೆ ಮಾಡಿ ತೋರಿಸಿದ್ರು: ವಿಷಯದ್ದೇ ಕಷ್ಟ ಒಂದು, ಪಾಠ ಕೊಟ್ಟ ರೀತಿಯಿಂದ ಬರೋ ಕಷ್ಟ ಇನ್ನೊಂದು. ಮೊದಲನೇದನ್ನ ಪೂರ್ತಿ ತೆಗೆಯೋಕೆ ಆಗಲ್ಲ, ಎರಡನೇದು ನಮ್ಮ ಕೈಲೇ ಇದೆ.

ಉದಾಹರಣೆಗೆ ತ್ರಿಕೋನಮಿತಿ ಲೆಕ್ಕದಲ್ಲಿ ಚಿತ್ರ ಒಂದು ಪುಟದಲ್ಲಿ, ವಿವರಣೆ ಹಿಂದಿನ ಪುಟದಲ್ಲಿ ಇದ್ರೆ ಮಗು ಅರ್ಧ ಶಕ್ತಿ ಪುಟ ತಿರುಗಿಸೋಕೇ ಹಾಕುತ್ತೆ, ಕೋನದ ಪಕ್ಕದಲ್ಲೇ ಅದರ ಮಾತು ಬರೆದ್ರೆ ಮುಗೀತು. ಸ್ಲೈಡ್ ತುಂಬಾ ಅಕ್ಷರ ತುಂಬಿ ಅದನ್ನೇ ಜೋರಾಗಿ ಓದೋದು ಇನ್ನೊಂದು ದೊಡ್ಡ ತಪ್ಪು, ಕಿವಿಗೆ ಒಂದು ವೇಗ ಕಣ್ಣಿಗೆ ಒಂದು ವೇಗ, ಎರಡೂ ಗುದ್ದಾಡ್ತವೆ. ಚಿತ್ರ ಇಟ್ಟು ಮಾತಾಡಿ. ಹೊಸ ವಿಷಯಕ್ಕೆ ಮೊದಲು ಬಿಡಿಸಿದ ಲೆಕ್ಕ ಪೂರ್ತಿ ತೋರಿಸಿ, ಎರಡನೇದರಲ್ಲಿ ಕೊನೇ ಹೆಜ್ಜೆ ಬಿಟ್ಟು ಕೊಡಿ, ಮೂರನೇದರಲ್ಲಿ ಇನ್ನೊಂದು ಹೆಜ್ಜೆ ಬಿಡಿ. ಮಗು ಪಳಗಿದ ಮೇಲೆ ಇದೇ ಬಿಡಿಸಿದ ಲೆಕ್ಕ ಅಡ್ಡ ಬರುತ್ತೆ, ಆಗ ತೆಗೆದುಬಿಡಿ.

ರಚನಾವಾದ ಅಂದ್ರೆ ಟೀಚರ್ ಏನೂ ಹೇಳದೆ ಮಕ್ಕಳೇ ಕಂಡುಹಿಡೀಬೇಕು ಅಂತಾನಾ?

ಅಲ್ಲವೇ ಅಲ್ಲ. 2005ರ ರಾಷ್ಟ್ರೀಯ ಪಠ್ಯಕ್ರಮ ಚೌಕಟ್ಟು ಬಂದ ಮೇಲೆ ಈ ಪದ ಎಲ್ಲರ ಬಾಯಲ್ಲಿ ಬಂತು, ಜೊತೆಗೆ ಈ ತಪ್ಪು ತಿಳುವಳಿಕೆನೂ ಬಂತು. ಪಿಯಾಜೆ ಹೇಳಿದ್ದು ಮಗುವಿನ ತಲೆ ಖಾಲಿ ಮಡಿಕೆ ಅಲ್ಲ ಅಂತ, ಅದರಲ್ಲಿ ಆಗಲೇ ಒಂದು ತಿಳುವಳಿಕೆ ಇದೆ, ಹೊಸದು ಅದರ ಜೊತೆ ಹೊಂದಬೇಕು ಇಲ್ಲ ಅದನ್ನ ಬದಲಾಯಿಸಬೇಕು. ಕಾಲು ಭಾಗ ದೊಡ್ಡದಾ ಮೂರನೇ ಒಂದು ಭಾಗ ದೊಡ್ಡದಾ ಅಂದ್ರೆ ಎಷ್ಟೋ ಮಕ್ಕಳು 1/4 ದೊಡ್ಡದು ಅಂತಾರೆ, ನಾಲ್ಕು ಮೂರಕ್ಕಿಂತ ದೊಡ್ಡದಲ್ವಾ. ಇದು ಗಮನ ಕೊಡದೆ ಬಂದ ತಪ್ಪಲ್ಲ, ಪೂರ್ಣ ಸಂಖ್ಯೆಯಲ್ಲಿ ಕಲಿತ ನಿಯಮ ಇಲ್ಲಿಗೂ ತಂದಿದೆ ಮಗು. ತಪ್ಪು ಅಂತ ಗೆರೆ ಎಳೆದ್ರೆ ಆ ನಿಯಮ ಹೋಗಲ್ಲ. ಒಂದೇ ಅಳತೆಯ ಎರಡು ಹೋಳಿಗೆ ತಗೊಂಡು ಒಂದನ್ನ ಮೂರು ಜನಕ್ಕೆ ಒಂದನ್ನ ನಾಲ್ಕು ಜನಕ್ಕೆ ಹಂಚಿಸಿ ನೋಡಿ, ಯಾವ ಗುಂಪಿಗೆ ಹೋಗ್ತೀಯಾ ಅಂತ ಕೇಳಿ.

ಕನ್ನಡದಲ್ಲಿ ನಮಗೆ ಇನ್ನೊಂದು ಭಾಗ್ಯ ಇದೆ. ಮುಕ್ಕಾಲು ಅನ್ನೋ ಪದ ಒಡೆದು ನೋಡಿ, ಮೂರು ಕಾಲು. ಅಂಗಡಿಗೆ ಹೋಗಿ ಮುಕ್ಕಾಲು ಕೆಜಿ ಸಕ್ಕರೆ ತರೋ ಹುಡುಗಿಗೆ 3/4 ಅಂದ್ರೆ ಮೂರು ಸಲ ಕಾಲು ಅಂತ ಬಾಯಿಗೆ ಆಗಲೇ ಗೊತ್ತು, ಕಣ್ಣಿಗೆ ಗೊತ್ತಿಲ್ಲ ಅಷ್ಟೇ. ಅಂಶ ಛೇದ ಅಂತ ವ್ಯಾಖ್ಯಾನದಿಂದ ಶುರು ಮಾಡಿ ಈ ಆಸ್ತಿನ ಪಕ್ಕಕ್ಕಿಡೋದು ನೋಡಿದ್ರೆ ನನಗೆ ಸಂಕಟ ಆಗುತ್ತೆ.

ಇನ್ನು ಮಾರ್ಗದರ್ಶನದ ವಿಷಯ. 2006ರಲ್ಲಿ ಕಿರ್ಷ್ನರ್, ಸ್ವೆಲ್ಲರ್, ಕ್ಲಾರ್ಕ್ ಮೂವರೂ ಸೇರಿ, ಹೊಸಬರಿಗೆ ಮಾರ್ಗದರ್ಶನ ಕಮ್ಮಿ ಮಾಡೋ ಪದ್ಧತಿಗಳು ಸೋಲ್ತವೆ ಅಂತ ಕಟುವಾಗಿ ಬರೆದ್ರು, ಅದಕ್ಕೆ ಉತ್ತರಗಳೂ ಬಂದ್ವು. ನನ್ನ ಅಭಿಪ್ರಾಯ ಏನಂದ್ರೆ ಜ್ಞಾನವನ್ನ ಮಗುವೇ ಕಟ್ಕೊಳ್ಳುತ್ತೆ ಅನ್ನೋದು ಕಲಿಕೆ ಹೇಗೆ ಆಗುತ್ತೆ ಅನ್ನೋದರ ಬಗ್ಗೆ ಮಾತು, ಪಾಠ ಹೇಗೆ ಮಾಡಬೇಕು ಅನ್ನೋದರ ಬಗ್ಗೆ ಅಲ್ಲ. ಚೆನ್ನಾಗಿ ವಿವರಿಸಿದ ಮಾತು ಕೇಳುವಾಗಲೂ ಮಗು ಒಳಗೆ ಕಟ್ತಾನೇ ಇರುತ್ತೆ.

ಸಮೀಪಸ್ಥ ವಿಕಾಸದ ವಲಯ ಅನ್ನೋದು ಬಾಯಿಗೇ ಬರಲ್ಲ, ಏನದು?

ಹೆಸರು ಬಿಡಿ. ಒಬ್ಬಳೇ ಮಾಡಕ್ಕಾಗಲ್ಲ, ಅಮ್ಮ ಪಕ್ಕ ಇದ್ರೆ ಆಗುತ್ತೆ, ಅಷ್ಟೇ ಜಾಗ. ಹುಡುಗಿ ಮೊದಲು ಚುಕ್ಕಿ ಇಡ್ತಾಳೆ, ಗೆರೆ ಅಮ್ಮ ಎಳೀತಾಳೆ, ಆಮೇಲೆ ಎರಡು ಗೆರೆ ಇವಳದು, ಒಂದು ದಿನ ಅಮ್ಮ ಎದ್ದು ಬರೋ ಹೊತ್ತಿಗೆ ಬಾಗಿಲ ಮುಂದೆ ಪೂರ್ತಿ ರಂಗೋಲಿ ಇರುತ್ತೆ. ಒಬ್ಬಳೇ ಮಾಡೋದನ್ನೇ ಮತ್ತೆ ಮತ್ತೆ ಕೊಟ್ರೆ ಬೇಜಾರು, ಯಾರು ಸಹಾಯ ಮಾಡಿದ್ರೂ ಆಗದ್ದನ್ನ ಕೊಟ್ರೆ ಅಳು. ಈ ವಲಯದ ಮಾತು ವೈಗೋಟ್‌ಸ್ಕಿದು, ಅವರು 1934ರಲ್ಲಿ, ಮೂವತ್ತೇಳನೇ ವಯಸ್ಸಿಗೇ ತೀರಿಕೊಂಡ್ರು, ಆದ್ರೆ ಇಂಥ ತಾತ್ಕಾಲಿಕ ನೆರವಿಗೆ ಸಾರುವೆ (ಸ್ಕ್ಯಾಫೋಲ್ಡಿಂಗ್) ಅಂತ ನಾವು ಹೇಳೋ ಮಾತು ಅವರದ್ದಲ್ಲ, 1976ರಲ್ಲಿ ವುಡ್, ಬ್ರೂನರ್, ರಾಸ್ ತಂದಿದ್ದು. ಟಿಇಟಿ ಬರೆಯೋರು ಇದನ್ನ ಗಮನಿಸಿ. ಕಟ್ಟಡ ಮುಗಿದ ಮೇಲೆ ಸಾರುವೆ ಬಿಚ್ಚಬೇಕು, ವರ್ಕ್‌ಶೀಟ್‌ನಲ್ಲಿ ಸುಳಿವು ಕೊಟ್ಟಿದ್ರೆ ಯಾವ ಪುಟದಲ್ಲಿ ಅದನ್ನ ತೆಗೀತೀರಿ ಅಂತ ಮೊದಲೇ ಬರೆದಿಟ್ಕೊಳ್ಳಿ.

ನಮ್ಮ ಮಗು ವಿಷುವಲ್ ಲರ್ನರ್ (ನೋಡಿ ಕಲಿಯೋನು), ಅವನಿಗೆ ಬೇರೆ ಥರ ಪಾಠ ಬೇಕಲ್ವಾ?

ಬೇಡ. ಒಬ್ಬೊಬ್ಬರಿಗೆ ಒಂದೊಂದು ಇಷ್ಟ ಇರೋದು ನಿಜ, ಆದ್ರೆ ಇಷ್ಟಕ್ಕೆ ತಕ್ಕಂತೆ ಕಲಿಸಿದ್ರೆ ಜಾಸ್ತಿ ಕಲೀತಾರೆ ಅನ್ನೋದಕ್ಕೆ ಸರಿಯಾದ ಪುರಾವೆ ಇಲ್ಲ ಅಂತ ಪ್ಯಾಶ್ಲರ್ ಮತ್ತು ಜೊತೆಗಾರರು 2008ರಲ್ಲೇ ಇದ್ದ ಸಂಶೋಧನೆಗಳನ್ನ ಜಾಲಾಡಿ ಹೇಳಿದ್ದಾರೆ. ಮಾಧ್ಯಮವನ್ನ ವಿಷಯ ತೀರ್ಮಾನ ಮಾಡಬೇಕು. ನಕ್ಷೆ ಎಲ್ಲರಿಗೂ ಕಣ್ಣಲ್ಲೇ, ರಾಗ ಎಲ್ಲರಿಗೂ ಕಿವಿಯಲ್ಲೇ. ಓದಿದ್ದು 10 ಶೇಕಡಾ ಕೇಳಿದ್ದು 20 ಶೇಕಡಾ ನೆನಪಿರುತ್ತೆ ಅಂತ ಒಂದು ತ್ರಿಕೋನ ಎಲ್ಲಾ ಟ್ರೈನಿಂಗ್‌ನಲ್ಲೂ ತೋರಿಸ್ತಾರಲ್ಲ, ಎಡ್ಗರ್ ಡೇಲ್ 1946ರಲ್ಲಿ ಕೊಟ್ಟ ಶಂಕುವಿನಲ್ಲಿ ಆ ಅಂಕಿಗಳೇ ಇರಲಿಲ್ಲ, ಆಮೇಲೆ ಯಾರೋ ಸೇರಿಸಿದ್ದು. ದಯವಿಟ್ಟು ಆ ಸ್ಲೈಡ್ ತೆಗೆದುಹಾಕಿ.

ಬ್ಲೂಮ್ ಪಿರಮಿಡ್ ಕೆಳಗಿಂದ ಮೇಲಕ್ಕೇ ಹೋಗಬೇಕಾ?

1956ರಲ್ಲಿ ಬ್ಲೂಮ್ ಮತ್ತು ಜೊತೆಗಾರರು ಕೊಟ್ಟಿದ್ದು ಕಲಿಕೆಯ ಉದ್ದೇಶಗಳ ವರ್ಗೀಕರಣ, ನೆನಪಿಡೋದರಿಂದ ವಿಶ್ಲೇಷಣೆ, ಮೌಲ್ಯಮಾಪನದ ತನಕ, 2001ರಲ್ಲಿ ಆಂಡರ್ಸನ್ ಮತ್ತು ಕ್ರಾಥ್‌ವೋಲ್ ಅದನ್ನ ತಿದ್ದಿ ಹಂತಗಳ ಹೆಸರನ್ನ ಕ್ರಿಯಾಪದ ಮಾಡಿದ್ರು. ಪಾಠದ ಹೆಜ್ಜೆಗಳ ಪಟ್ಟಿ ಅದಲ್ಲ. ಅದರ ದೊಡ್ಡ ಉಪಯೋಗ ಏನಂದ್ರೆ, ಉದ್ದೇಶದಲ್ಲಿ ವಿಶ್ಲೇಷಿಸುವರು ಅಂತ ಬರೆದು ಪ್ರಶ್ನೆಪತ್ರಿಕೇಲಿ ಬಿಟ್ಟ ಸ್ಥಳ ತುಂಬಿರಿ ಅಂತ ಕೊಟ್ಟಿದ್ರೆ ಸಿಕ್ಕಿಬೀಳುತ್ತೆ.

5ಇ ಪಾಠ ಯೋಜನೆ?

ಇಂಗ್ಲಿಷಿನ E ಅಕ್ಷರದಿಂದ ಶುರುವಾಗೋ ಐದು ಹೆಜ್ಜೆ, ಅಮೆರಿಕದಲ್ಲಿ ವಿಜ್ಞಾನದ ಪಾಠಕ್ಕೆ 1980ರ ದಶಕದಲ್ಲಿ ಮಾಡಿದ್ದು. ಮೊದಲು ಕುತೂಹಲ, ಆಮೇಲೆ ಮಕ್ಕಳೇ ಕೈಯಾಡಿಸೋದು, ಆಮೇಲೆ ವಿವರಣೆ, ವಿಸ್ತರಣೆ, ಮೌಲ್ಯಮಾಪನ. ವಿಜ್ಞಾನಕ್ಕೆ ಚೆನ್ನಾಗಿ ಒಗ್ಗುತ್ತೆ. ಹಳಗನ್ನಡದ ಪದ್ಯಕ್ಕೂ ಅದೇ ಐದು ಖಾನೆ ತುಂಬಿಸೋದು ಯಾಕೆ ಅಂತ ನನಗೆ ಇವತ್ತಿಗೂ ಒಪ್ಪಿಗೆ ಇಲ್ಲ.

ಕಂಪನಿಯಲ್ಲಿ ದೊಡ್ಡೋರಿಗೆ ಟ್ರೈನಿಂಗ್ ಮಾಡ್ತೀನಿ, ಆಡಿ (ADDIE) ಮಾಡೆಲ್ ಸಾಕಾ?

ಆಡಿ ಅನ್ನೋದು ಕೆಲಸದ ಕ್ರಮ, 1975ರಲ್ಲಿ ಫ್ಲೋರಿಡಾ ಸ್ಟೇಟ್ ಯೂನಿವರ್ಸಿಟಿಯವರು ಅಮೆರಿಕದ ಸೈನ್ಯಕ್ಕೆ ಮಾಡಿಕೊಟ್ಟ ಪದ್ಧತಿಯಿಂದ ಬಂದಿದ್ದು. ವಿಶ್ಲೇಷಣೆ, ವಿನ್ಯಾಸ, ತಯಾರಿ, ಜಾರಿ, ಮೌಲ್ಯಮಾಪನ. ಯಾವಾಗ ಏನು ಮಾಡಬೇಕು ಅಂತ ಹೇಳುತ್ತೆ, ಜನ ಹೇಗೆ ಕಲೀತಾರೆ ಅಂತ ಹೇಳಲ್ಲ, ಅದಕ್ಕೆ ಮೇಲಿನದ್ದೆಲ್ಲ ಬೇಕೇ ಬೇಕು.

ದೊಡ್ಡೋರ ಕಲಿಕೆಗೆ ನನಗೆ ತೋಚೋ ಒಳ್ಳೇ ಮಾದರಿ ಯಕ್ಷಗಾನ ಮೇಳ. ಹೊಸ ಹುಡುಗ ಬಂದ ದಿನವೇ ಅರ್ಜುನ ಆಗಲ್ಲ. ಪೂರ್ವರಂಗದಲ್ಲಿ ಕೋಡಂಗಿ, ಬಾಲಗೋಪಾಲ ಕುಣೀತಾನೆ, ರಾತ್ರಿಯೆಲ್ಲ ಚೌಕಿಯಲ್ಲಿ ಕೂತು ಹಿರಿಯರು ಬಣ್ಣ ಹಚ್ಚೋದು ನೋಡ್ತಾನೆ, ಪ್ರಸಂಗ ಕೇಳ್ತಾನೆ, ವರ್ಷ ಕಳೆದ ಹಾಗೆ ದೊಡ್ಡ ವೇಷ ಸಿಗುತ್ತೆ. ಪಾತ್ರ ಚಿಕ್ಕದು, ಆದ್ರೆ ರಂಗಸ್ಥಳ ನಿಜವಾದದ್ದು, ನೋಡೋ ಜನ ನಿಜವಾದವರು. ಲೇವ್ ಮತ್ತು ವೆಂಗರ್ 1991ರಲ್ಲಿ ಹೇಳಿದ್ದು ಇಂಥದನ್ನೇ, ಅಂಚಿನಲ್ಲಿ ನಿಂತು ನಿಜವಾದ ಕೆಲಸದಲ್ಲಿ ಪಾಲ್ಗೊಳ್ತಾ ಒಳಗೆ ಬರೋದು. ಹಾಗಾಗಿ ಹೊಸದಾಗಿ ಸೇರಿದವರನ್ನ ಎರಡು ವಾರ ಹಾಲ್‌ನಲ್ಲಿ ಕೂರಿಸೋ ಬದಲು, ಮೊದಲ ದಿನದಿಂದಲೇ ತಪ್ಪಾದ್ರೂ ನಷ್ಟ ಆಗದಂಥ ಒಂದು ಪುಟ್ಟ ನಿಜವಾದ ಕೆಲಸ ಕೊಡಿ.

ನಾನು ಮಾಡಿದ ವರ್ಕ್‌ಶೀಟ್ ಸರಿ ಇದ್ಯಾ ಅಂತ ಪ್ರಿಂಟಿಗೆ ಕೊಡೋ ಮುಂಚೆ ಹೇಗೆ ತಿಳ್ಕೊಳ್ಳೋದು?

ಒಂದು ಮಗುವಿನ ಪಕ್ಕ ಕೂತ್ಕೊಳ್ಳಿ. ಒಂದೇ ಮಗು ಸಾಕು, ಕ್ಲಾಸಿಗೆ ಫಸ್ಟ್ ಬರೋ ಮಗು ಬೇಡ. ವರ್ಕ್‌ಶೀಟ್ ಕೊಟ್ಟು, ಮನಸ್ಸಲ್ಲಿ ಏನು ಬರುತ್ತೋ ಜೋರಾಗಿ ಹೇಳ್ತಾ ಮಾಡು ಅನ್ನಿ, ನೀವು ಬಾಯಿ ಬಿಡಬೇಡಿ, ತುಂಬಾ ಕಷ್ಟ ಆಗುತ್ತೆ ಆದ್ರೂ ಬಿಡಬೇಡಿ. ಎಲ್ಲಿ ಪೆನ್ಸಿಲ್ ನಿಲ್ಲುತ್ತೆ, ಎಲ್ಲಿ ಸೂಚನೆ ಎರಡನೇ ಸಲ ಓದುತ್ತೆ, ಎಲ್ಲಿ ನಿಮ್ಮ ಮುಖ ನೋಡುತ್ತೆ, ಗುರುತು ಹಾಕ್ಕೊಳ್ಳಿ. ಭಿನ್ನರಾಶಿಯ ಒಂದು ಹಾಳೆಯಲ್ಲಿ ನಾನು ಬಣ್ಣ ತುಂಬು ಅಂತ ಬರೆದಿದ್ದೆ, ಮಗು ಐದು ನಿಮಿಷ ಯಾವ ಬಣ್ಣ ಅಂತ ಯೋಚಿಸ್ತಾ ಕೂತಿತ್ತು, ಕಾಲು ಭಾಗದ ಕಡೆ ತಿರುಗಿ ನೋಡಲೇ ಇಲ್ಲ. ಮಾರನೇ ದಿನ ಆ ಸಾಲನ್ನ ಗೆರೆ ಎಳೆದು ಬೇರೆ ಮಾಡು ಅಂತ ತಿದ್ದಿ ಇನ್ನೊಂದು ಮಗುವಿಗೆ ಕೊಟ್ಟೆ, ಪೆನ್ಸಿಲ್ ನಿಲ್ಲಲಿಲ್ಲ.